ಉಬುಂಟುವಿನಲ್ಲಿ ಆಪ್ಟ್ ಕಮಾಂಡಿಗೆ ಶಾರ್ಟ್‌ಕಟ್ ಮಾಡಿಕೊಳ್ಳುವುದು ಹೇಗೆ?

ಆಪ್ಟ್ ಎಂದರೆ ಸಾಫ್ಟ್‌ವೇರ್ ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಕಮಾಂಡ್. ದಿನಾ ‘ಸುಡೊ ಆಪ್ಟ್ ಅಪ್‌ಡೇಟ್’, ಆಮೇಲೆ ‘ಸುಡೊ ಆಪ್ಟ್ ಅಪ್‌ಗ್ರೇಡ್’ ಎಂದು ಟೈಪ್ ಮಾಡಿ ಬೇಜಾರಾಗಿದೆ ಅಂದಿರಿ. ಏಲಿಯಾಸ್, ಅಂದರೆ ಉದ್ದ ಕಮಾಂಡಿಗೆ ಇಡುವ ಚಿಕ್ಕ ಹೆಸರು, ಇರುವುದೇ ಇದಕ್ಕೆ. ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಬ್ಯಾಶ್‌ಆರ್‌ಸಿ (.bashrc) ಎಂಬ ಟರ್ಮಿನಲ್ ಸೆಟ್ಟಿಂಗ್ಸ್ ಫೈಲ್ ತೆರೆಯಿರಿ. ಕೊನೆಯ ಸಾಲಿನಲ್ಲಿ ಏಲಿಯಾಸ್, ಒಂದು ಸ್ಪೇಸ್, ನಿಮಗಿಷ್ಟವಾದ ಚಿಕ್ಕ ಹೆಸರು, ಸಮ ಚಿಹ್ನೆ, ಅದಕ್ಕೆ ಅಂಟಿಕೊಂಡಂತೆ ಉದ್ಧರಣ ಚಿಹ್ನೆಗಳೊಳಗೆ ಪೂರ್ತಿ ಕಮಾಂಡ್. ಸಮ ಚಿಹ್ನೆಯ ಅಕ್ಕಪಕ್ಕ ಸ್ಪೇಸ್ ಬಿಡಬೇಡಿ. ಹೊಸಬರು ಎಡವುವುದು ಅಲ್ಲೇ. ಎರಡು ಕಮಾಂಡುಗಳ ನಡುವೆ ಜೋಡಿ ಆಂಪರ್ಸಂಡ್ (&&) ಹಾಕಿದರೆ ಮೊದಲನೆಯದು ಸರಿಯಾಗಿ ಮುಗಿದರಷ್ಟೇ ಎರಡನೆಯದು ಓಡುತ್ತದೆ. ಸೇವ್ ಮಾಡಿ ಹೊಸ ಟರ್ಮಿನಲ್ ತೆರೆದರೆ ಆಯಿತು.

ಪ್ಯಾಕೇಜ್ ತೆಗೆದುಹಾಕುವ ಏಲಿಯಾಸಿಗೆ ಮಾತ್ರ ‘ಮೈನಸ್ ವೈ’ (-y) ಸೇರಿಸಬೇಡಿ. ಅದು ಒಪ್ಪಿಗೆ ಕೇಳದೆ, ಆ ಪ್ಯಾಕೇಜನ್ನು ಅವಲಂಬಿಸಿರುವ ಬೇರೆ ಪ್ಯಾಕೇಜುಗಳನ್ನೂ ಸೇರಿಸಿ ಗುಡಿಸಿಬಿಡುತ್ತದೆ. ನನ್ನ ಡೆಸ್ಕ್‌ಟಾಪ್ ಒಮ್ಮೆ ಹಾಗೇ ಮಾಯವಾಗಿತ್ತು.