ಹಳೇ ಆಪಲ್‌ಗೆ ಹೊಸ ಡಾಸ್

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ಒಂದು ಗ್ಯಾರೇಜ್ ಸೇಲ್‌ನಲ್ಲಿ ಆಪಲ್ 2ಇ ಎಂಬ ಹಳೇ ಕಂಪ್ಯೂಟರ್ ಸಿಕ್ಕಿತು. ಅದಕ್ಕೆ 2016ರಲ್ಲಿ ಹೊಸ ಪ್ರೊಡಾಸ್ (ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ) ಬಂದಿದೆಯಂತೆ, ಸುಮ್ನೆ ಹೇಳ್ತಾರಾ?

ಉತ್ತರ: ನಿಜಾನೇ! ಆಪಲ್ ಕಂಪನಿ 1993ರಲ್ಲಿ ಪ್ರೊಡಾಸ್‌ನ 2.0.3 ಆವೃತ್ತಿ ಕೊಟ್ಟು ಕೈತೊಳೆದುಕೊಂಡಿತ್ತು. 23 ವರ್ಷ ಕಳೆದ ಮೇಲೆ ಜಾನ್ ಬ್ರೂಕ್ಸ್ ಎಂಬ ಪ್ರೋಗ್ರಾಮರ್ ತಾವೇ 2.4 ಬಿಡುಗಡೆ ಮಾಡಿದರು, ಅದೂ ಪುಕ್ಕಟೆಯಾಗಿ. ನನಗೆ ಹೆಚ್ಚು ಇಷ್ಟವಾಗಿದ್ದು ಇದು: ಕಂಪನಿಯ 2.0 ಸರಣಿಗೆ 65ಸಿ02 ಎಂಬ ಪ್ರೊಸೆಸರ್ ಚಿಪ್ ಬೇಕಿತ್ತು, ಹಾಗಾಗಿ 6502 ಚಿಪ್‌ನ ಹಳೇ ಮಷೀನುಗಳು 1.9ರಲ್ಲೇ ನಿಂತುಬಿಟ್ಟಿದ್ದವು, ಬ್ರೂಕ್ಸ್ ಅವನ್ನೂ ಮತ್ತೆ ಸೇರಿಸಿಕೊಂಡರು. ನಿಮ್ಮ ಮಷೀನ್‌ನಲ್ಲಿ ಯಾವ ಚಿಪ್ ಇದ್ದರೂ ಓಡುತ್ತದೆ ಅಂತಾಯ್ತು. ಫೈಲ್ ಆರಿಸಿ ಶುರು ಮಾಡಲು ಬಿಟ್ಸಿ ಬೈ ಎಂಬ ಪುಟ್ಟ ಪ್ರೋಗ್ರಾಂ ಜೊತೆಗೇ ಬರುತ್ತದೆ. ಎಲ್ಲ ಸೇರಿ 140 ಕೆಬಿ ಫ್ಲಾಪಿಯಲ್ಲಿ ಹಿಡಿಸುತ್ತದೆ, ಈಗಿನ ಒಂದು ಫೋಟೋಗೂ ಅಷ್ಟು ಜಾಗ ಸಾಲಲ್ಲ, ಅಲ್ವಾ?

ಈಗಿನ ಕಂಪ್ಯೂಟರ್‌ನಿಂದ ಫ್ಲಾಪಿಗೆ ಇಳಿಸಲು ಎಡಿಟಿಪ್ರೊ ಎಂಬ ಸಾಫ್ಟ್‌ವೇರ್ ಬಳಸಿ. ಮಷೀನ್ ಹಿಂದಿರುವ ಕ್ಯಾಸೆಟ್ ಪೋರ್ಟಿಗೆ ಮಾಮೂಲಿ ಆಡಿಯೊ ಕೇಬಲ್ ಹಾಕಿದರೂ ನಡೆಯುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಆದರೆ ಸ್ವಿಚ್ ಒತ್ತುವ ಮುಂಚೆ ಪವರ್ ಸಪ್ಲೈಯನ್ನು ರಿಪೇರಿಯವರಿಗೆ ತೋರಿಸಿಕೊಳ್ಳಿ. ಅದರೊಳಗಿನ ಹಳೇ ಕೆಪಾಸಿಟರ್ ಹೊಗೆ ಬಿಡುವುದು ಈ ಮಷೀನುಗಳಲ್ಲಿ ಮಾಮೂಲು.