ನಲವತ್ತೈದನೇ ವಯಸ್ಸಿನಲ್ಲಿ ಡಿಸೈನ್ ಕ್ಲಾಸು, ‘ಇದರಲ್ಲಿ ನಿಮ್ಮದೇನಿದೆ?’ ಎಂಬ ಪ್ರಶ್ನೆ

ಇಪ್ಪತ್ತು ವರ್ಷ ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆ ಮಾಡಿದವರು ನೀವು, ಈಗ ಡಿಸೈನ್ ಕ್ಲಾಸಿನಲ್ಲಿ ಮಾಸ್ತರು ‘ಇದರಲ್ಲಿ ನಿಮ್ಮದೇನಿದೆ’ ಅಂದ ಕೂಡಲೇ ಪೆನ್ಸಿಲ್ ಯಾಕೆ ನಿಂತುಬಿಡ್ತದೆ ಅಂತ ಕೇಳಿದಿರಿ. ಖಾಲಿ ಹಾಳೆಯಿಂದ ಶುರು ಮಾಡ್ತಿರೋದೇ ಬಹುಶಃ ಕಾರಣ. ನಿಮ್ಮ ಕೈ ಯೋಚನೆ ಮಾಡೋದು ಮರದ ಮೇಲೆ, ಹಾಳೆಯ ಮೇಲಲ್ಲ.

ಮೊದಲು ನಿಮ್ಮ ಹಳೇ ಗೊಂಬೆ ಏಳೆಂಟು, ಹಿರಿಯರು ಮಾಡಿದ್ದು ಒಂದೆರಡು, ಸಾಲಾಗಿ ಇಡ್ರಿ. ಬಣ್ಣ ಮರೆತು ಹುಬ್ಬು, ಬೆರಳು, ಒಡವೆಯ ಅಂಚು ನೋಡ್ರಿ. ನನ್ನ ಗರುಡನ ರೆಕ್ಕೆ ಅಪ್ಪನದಕ್ಕಿಂತ ದಪ್ಪ; ಗರಿಯ ಸಾಲು ಅವರದು ಐದು, ನನ್ನದು ಮೂರು. ಎಷ್ಟೋ ವರ್ಷ ಅದನ್ನು ತಪ್ಪು ಅಂತಲೇ ತಿದ್ದುತ್ತಿದ್ದೆ. ನೀವು ಹುಡುಕಬೇಕಾದ್ದು ಅಂಥದ್ದನ್ನೇ.

ಸಿಕ್ಕ ಆ ಒಂದೇ ಗುಣ ಹಿಡಿದು ಅಂಗೈ ಅಗಲದ ಮರದ ತುಂಡುಗಳ ಮೇಲೆ ಹತ್ತು ಮಾದರಿ ಮಾಡ್ರಿ. ಗೋಣಿನಾರು, ಮರದ ಪುಡಿ, ಹುಣಸೆ ಬೀಜದ ಅಂಟು ಕಲಸಿ ಮರದ ಮೇಲೆ ಹಚ್ಚೋ ಕಿಟ್ಟ ಒಣಗೋಕೆ ಟೈಮ್ ಬೇಕು, ಸಬ್ಮಿಷನ್ನಿನ ಹಿಂದಿನ ದಿನ ಕೂತರೆ ಆಗೋದಿಲ್ಲ. ಮೊದಲ ಮೂರ್ನಾಲ್ಕು ಹಳೇದರ ಹಾಗೇ ಬರ್ತವೆ. ಬಿಡಬೇಡ್ರಿ, ನನಗೆ ಏಳನೆಯದರಲ್ಲಿ ಕೈ ಬೇರೆ ದಾರಿ ಹಿಡೀತು.

ಸ್ಕೆಚ್ ಬದಲು ಮಾದರಿ ತಂದರೆ ನಿಮ್ಮ ಮಾಸ್ತರು ಒಪ್ತಾರೋ ಇಲ್ಲವೋ ಹೇಳಲಾರೆ, ಮೊದಲೇ ಕೇಳ್ರಿ. ಒಪ್ಪದಿದ್ದರೆ ಮಾದರಿ ಮುಗಿಸಿ, ಅದನ್ನೇ ಎದುರಿಗಿಟ್ಟು ಸ್ಕೆಚ್ ಮಾಡ್ರಿ. ಹುಡುಗರ ಕಂಪ್ಯೂಟರ್ ವೇಗ ನೋಡಿ ಹೆದರಬೇಡ್ರಿ, ಸಾಫ್ಟ್‌ವೇರ್ ಆಮೇಲೆ ಕಲಿಯಬಹುದು.

ಪ್ರತಿ ಮಾದರಿಯ ಹಿಂದೆ ತಾರೀಖು ಬರೀರಿ. ಮುಂದಿನ ಸಲ ಆ ಪ್ರಶ್ನೆ ಬಂದಾಗ ಹತ್ತನ್ನೂ ಮೇಜಿನ ಮೇಲೆ ಸಾಲಾಗಿ ಇಡ್ರಿ.