ಸಂಪಾದಕರ ಉತ್ತರ: ಬಿಟ್ಟುಕೊಡುವ ನೆಲ ಯಾರದ್ದು?

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: “ಪಕ್ಕದ ತೋಟದವರೊಂದಿಗೆ ಗಡಿ ತಕರಾರು ಬಂದಾಗ ಎರಡು ಮಾರು ಜಾಗ ಬಿಟ್ಟು ರಾಜಿಯಾದೆ. ಸರ್ವೆ ಕಲ್ಲು ನೆಟ್ಟರು, ಊರ ಹಿರಿಯರು ಸಾಕ್ಷಿಯಾದರು. ಈಗ ಅಗಳದ ಆಚೆ ಈಚೆ ಇಬ್ಬರೂ ನೆಮ್ಮದಿಯಾಗಿದ್ದೇವೆ. ಉಕ್ರೇನ್ ಕೂಡ ಹೀಗೆ ಮಾಡಬಾರದೇ? ಹುಡುಗರು ಸಾಯುತ್ತಿದ್ದಾರಲ್ಲ!”

ಮಾನ್ಯರೇ, ನಿಮ್ಮ ಕೊನೆಯ ಸಾಲು ನನ್ನನ್ನೂ ನಿದ್ದೆಗೆಡಿಸಿದೆ. ಆದರೆ ನಿಮ್ಮ ರಾಜಿ ಉಳಿದದ್ದು ಆ ಕಲ್ಲಿನಿಂದ, ಆ ಸಾಕ್ಷಿಗಳಿಂದ. ನಾಳೆ ಅವರು ಅಗಳ ದಾಟಿದರೆ ನಿಮಗೆ ಕೋರ್ಟಿದೆ. ಉಕ್ರೇನಿಗೆ ಯಾವ ಕೋರ್ಟಿದೆ? 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಅದು ಅಣ್ವಸ್ತ್ರಗಳನ್ನು ಬಿಡಲು ಒಪ್ಪಿತು; ಅದರ ಗಡಿಯನ್ನು ಗೌರವಿಸುತ್ತೇವೆಂದು ರಷ್ಯಾ, ಅಮೆರಿಕ, ಬ್ರಿಟನ್ ಸಹಿ ಹಾಕಿದವು. 2014ರಲ್ಲಿ ರಷ್ಯಾ ಉಕ್ರೇನಿನ ಕ್ರಿಮಿಯಾವನ್ನು ಕಿತ್ತುಕೊಂಡಿತು. ಆ ವರ್ಷ ಒಂದು, ಮರುವರ್ಷ ಇನ್ನೊಂದು, ಪೂರ್ವ ಉಕ್ರೇನಿನ ಕಾಳಗ ನಿಲ್ಲಿಸಲೆಂದು ಮಿನ್ಸ್ಕ್‌ನಲ್ಲಿ ಎರಡು ಒಪ್ಪಂದಗಳಾದವು. 2022ರ ಫೆಬ್ರವರಿ 24ರಂದು ರಷ್ಯಾದ ಟ್ಯಾಂಕುಗಳು ರಾಜಧಾನಿ ಕೀವ್‌ನತ್ತ ನುಗ್ಗಿದವು. ಇಷ್ಟೆಲ್ಲ ಉಂಡವರಿಗೆ ‘ಇನ್ನೊಂದು ಸಹಿ ಹಾಕಿ’ ಎಂದು ಇಲ್ಲಿ ಕುಳಿತು ಹೇಳಲು ನನಗೆ ಬಾಯಿ ಬರುವುದಿಲ್ಲ.

ಹಾಗೆಂದು ಕೊನೆಯ ಸೈನಿಕನವರೆಗೂ ಕಾದಾಡಲಿ ಎನ್ನುವವನೂ ನಾನಲ್ಲ. ಫಿನ್‌ಲೆಂಡ್ 1940ರ ಮಾರ್ಚ್‌ನಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ಸಂಧಿ ಮಾಡಿಕೊಂಡಿತು. ಹತ್ತರಲ್ಲೊಂದು ಪಾಲು ನೆಲ ಹೋಯಿತು, ದೇಶ ಉಳಿಯಿತು. ಅದಕ್ಕೆ ಮೊದಲು ಮೂರೂವರೆ ತಿಂಗಳು ಹಿಮದಲ್ಲಿ ನಿಂತು ಹೋರಾಡಿದ್ದರಿಂದಲೇ ಆ ಮಾತುಕತೆಗೆ ತೂಕ ಬಂತೆಂಬುದು ನನ್ನ ನಂಬಿಕೆ. ಆದರೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಹೊರಟರು. ನೀವು ಬಿಟ್ಟ ಎರಡು ಮಾರಿನಲ್ಲಿ ಇದ್ದದ್ದು ಅಡಿಕೆ ಮರ. ಅಲ್ಲಿ ಬಿಡುವ ನೆಲದಲ್ಲಿ ಜನರಿದ್ದಾರೆ.

ನಮ್ಮ ಅಂಕೋಲೆ, ಸಿದ್ದಾಪುರದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆಯಲ್ಲಿ ಗದ್ದೆ, ಎತ್ತು, ಬಚ್ಚಲಿನ ತಾಮ್ರದ ಹಂಡೆಯವರೆಗೂ ಜಪ್ತಿಗೆ ಕೊಟ್ಟವರು ಅವರು. 1931ರ ಗಾಂಧಿ–ಇರ್ವಿನ್ ಒಪ್ಪಂದ ಸತ್ಯಾಗ್ರಹಿಗಳನ್ನು ಸೆರೆಯಿಂದ ಬಿಡಿಸಿತು. ಜಪ್ತಿಯಾಗಿ ಅಷ್ಟರಲ್ಲಿ ಪರರಿಗೆ ಮಾರಾಟವಾಗಿದ್ದ ಜಮೀನನ್ನು ಮಾತ್ರ ಮರಳಿಸುವುದಿಲ್ಲವೆಂದು ಅದರಲ್ಲೇ ಬರೆದಿತ್ತು. ದೊಡ್ಡವರು ದೆಹಲಿಯಲ್ಲಿ ಸಹಿ ಮಾಡಿದ ದಿನ ತನ್ನ ಗದ್ದೆಯಲ್ಲಿ ಬೇರೊಬ್ಬ ನೇಗಿಲು ಹೂಡುವುದನ್ನು ನೋಡಿದ ರೈತನ ಹೊಟ್ಟೆಯ ಸಂಕಟವನ್ನು ನೆನೆಯಿರಿ.

ಮಾತುಕತೆ ಬೇಕು, ಇಂದೇ ಬೇಕು. ಸೆರೆಯಾಳುಗಳ ವಿನಿಮಯವಾಗಲಿ, ಗುಂಡು ನಿಲ್ಲಲಿ. ಆದರೆ ಎಷ್ಟು ನೆಲ, ಯಾವ ಖಾತರಿಯ ಮೇಲೆ ಎಂಬುದನ್ನು ಉಕ್ರೇನಿನವರೇ ಹೇಳಲಿ. ರಷ್ಯಾದ ವಶವಾದ ಮರಿಯುಪೋಲ್ ನಗರ ಬಿಟ್ಟು ಓಡಿಬಂದವರ ಮಾತಿಗೂ ಅಲ್ಲಿ ಜಾಗವಿರಲಿ. ನಿಮ್ಮ ತೋಟದ ಎರಡು ಮಾರನ್ನು ಬಿಟ್ಟವರು ನೀವೇ, ಮಾನ್ಯರೇ. ನಿಮ್ಮ ಪರವಾಗಿ ಬೇರೆ ಯಾರೂ ಬಿಟ್ಟಿರಲಿಲ್ಲ.